ನಿಂತದ್ದೆಲ್ಲಿ, ನಿಂತದ್ದೇಕೆ?

ಪ್ರಶ್ನೆ: ನಾನು ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಪಾಜ್, ಹೆಸಿಟೇಟ್, ಹಾಲ್ಟ್, ಫಾಲ್ಟರ್, ವೇವರ್ ಮುಂತಾದ ಪದಗಳಿಗೆ ನಿಘಂಟಿನಲ್ಲಿ ‘ನಿಲ್ಲು’, ‘ತಡೆ’, ‘ಹಿಂಜರಿ’ ಎಂಬ ಅರ್ಥಗಳೇ ಮತ್ತೆ ಮತ್ತೆ ಸಿಗುತ್ತವೆ. ಮಕ್ಕಳು ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದಾಗ ತಪ್ಪು ಅನ್ನುವುದು ಗೊತ್ತಾಗುತ್ತದೆ, ಯಾಕೆ ತಪ್ಪು ಅಂತ ವಿವರಿಸಲು ಬರುವುದಿಲ್ಲ. ಇವುಗಳ ವ್ಯತ್ಯಾಸ ತಿಳಿಸುತ್ತೀರಾ? ಜೊತೆಗೆ, ಇಂಗ್ಲಿಷ್ ಮಾತಾಡುವಾಗ ಮಕ್ಕಳು ತಡೆತಡೆದು ನಿಲ್ಲುತ್ತಾರಲ್ಲ, ಅದನ್ನು ತಪ್ಪೆಂದು ತಿದ್ದಬೇಕೇ?

ಉತ್ತರ: ಈ ಪದಗಳನ್ನು ‘ಎಷ್ಟು ಹೊತ್ತು ನಿಂತ?’ ಎಂಬ ಅಳತೆಯಿಂದ ಬೇರ್ಪಡಿಸಲು ಹೊರಟರೆ ದಾರಿ ಸಿಗುವುದಿಲ್ಲ. ಬಹುಪಾಲು ಎಲ್ಲವೂ ಸ್ವಲ್ಪ ಹೊತ್ತಿನ ನಿಲುಗಡೆಯನ್ನೇ ಹೇಳುತ್ತವೆ. ನಾವು ಕೇಳಬೇಕಾದ ಪ್ರಶ್ನೆಗಳು ಬೇರೆ ಎರಡು. ನಿಂತದ್ದು ಎಲ್ಲಿ? ಕೆಲಸಕ್ಕೆ ಕೈಹಾಕುವ ಮುಂಚೆಯೋ, ನಡುವೆಯೋ, ಮುಗಿದ ಮೇಲೋ? ನಿಂತದ್ದು ಏಕೆ? ತಾನಾಗಿ ಬೇಕೆಂದು ನಿಂತನೋ, ಮನಸ್ಸು ಒಪ್ಪದೆ ನಿಂತನೋ, ಶಕ್ತಿ ಸಾಲದೆ ನಿಂತನೋ? ಈ ಎರಡಕ್ಕೆ ಉತ್ತರ ಸಿಕ್ಕಿದರೆ ಪದ ತಾನೇ ಸಿಗುತ್ತದೆ. ನಿಮ್ಮ ಮಕ್ಕಳ ಹಾಳೆಯಲ್ಲಿ ಏನು ತಪ್ಪಿದೆ ಎಂದು ಬೆರಳಿಟ್ಟು ತೋರಿಸಲೂ ಆಗುತ್ತದೆ.

ಮೊದಲು ಅತಿ ಹೆಚ್ಚು ಅದಲುಬದಲಾಗುವ ಜೋಡಿಯನ್ನು ನೋಡೋಣ. ಕಪ್ಪು ಹಲಗೆಯ ಮೇಲೆ ಈ ಎರಡು ವಾಕ್ಯಗಳನ್ನು ಒಂದರ ಕೆಳಗೊಂದು ಬರೆಯಿರಿ. ‘ಶಿ ಪಾಜ್ಡ್ ಟು ಆನ್ಸರ್ ದ ಫೋನ್.’ ‘ಶಿ ಹೆಸಿಟೇಟೆಡ್ ಟು ಆನ್ಸರ್ ದ ಫೋನ್.’ ಒಂದೇ ಒಂದು ಪದ ಬೇರೆ, ನಡೆದ ಸಂಗತಿ ಪೂರ್ತಿ ಬೇರೆ. ಮೊದಲನೆಯ ವಾಕ್ಯದ ಹೆಂಗಸು ಹಿಟ್ಟು ನಾದುತ್ತಿದ್ದಳು ಅಂತಿಟ್ಟುಕೊಳ್ಳಿ. ಫೋನ್ ರಿಂಗಾಯಿತು, ನಾದುವುದನ್ನು ನಿಲ್ಲಿಸಿದಳು, ಕೈ ಒರೆಸಿಕೊಂಡು ಫೋನ್ ಎತ್ತಿದಳು. ನಿಂತದ್ದು ನಾದುವ ಕೆಲಸ. ಫೋನ್ ಎತ್ತುವುದು ನಿಂತದ್ದರ ಉದ್ದೇಶ. ಎರಡನೆಯ ವಾಕ್ಯದಲ್ಲಿ ಫೋನ್ ರಿಂಗಾಗುತ್ತಲೇ ಇದೆ. ಪರದೆಯ ಮೇಲೆ ಗೊತ್ತಿಲ್ಲದ ನಂಬರು. ಎತ್ತಲೋ ಬೇಡವೋ ಎಂದು ಕೈ ಮುಂದಕ್ಕೆ ಹೋಗುತ್ತಿಲ್ಲ. ಇಲ್ಲಿ ನಿಂತದ್ದು ಫೋನ್ ಎತ್ತುವ ಕೆಲಸವೇ. ಕೊನೆಗೆ ಎತ್ತಿದಳೋ ಇಲ್ಲವೋ ಎಂಬುದನ್ನು ಈ ವಾಕ್ಯ ಹೇಳುವುದಿಲ್ಲ.

ಪಾಜ್ ಆದಮೇಲೆ ಬರುವ ‘ಟು’ ಉದ್ದೇಶವನ್ನು ಹೇಳುತ್ತದೆ: ಇಂಥದ್ದನ್ನು ಮಾಡುವುದಕ್ಕಾಗಿ ನಿಂತ. ಹೆಸಿಟೇಟ್ ಆದಮೇಲೆ ಬರುವ ‘ಟು’ ಯಾವ ಕೆಲಸಕ್ಕೆ ಮನಸ್ಸು ಮುಂದಾಗುತ್ತಿಲ್ಲವೋ ಆ ಕೆಲಸವನ್ನು ಹೇಳುತ್ತದೆ. ಪಾಜ್ ಎಂದರೆ ನಡೆಯುತ್ತಿರುವ ಕೆಲಸದ ನಡುವಿನ ನಿಲುಗಡೆ, ಮತ್ತೆ ಮುಂದುವರಿಯುವ ಸೂಚನೆ ಅದರಲ್ಲೇ ಇದೆ. ಹೆಸಿಟೇಟ್ ಎಂದರೆ ಕೆಲಸದ ಹೊಸ್ತಿಲಲ್ಲೇ ನಿಲ್ಲುವುದು, ಒಳಗೆ ಕಾಲಿಡುವ ಖಾತ್ರಿ ಇಲ್ಲ. ಭಾಷಣಕಾರರು ನೀರು ಕುಡಿಯಲು ಪಾಜ್ ಮಾಡುತ್ತಾರೆ. ಕಹಿಯಾದ ಸತ್ಯವನ್ನು ಹೇಳಬೇಕಾದಾಗ ಹೆಸಿಟೇಟ್ ಮಾಡುತ್ತಾರೆ.

ಎರಡೂ ಪದಗಳ ಹುಟ್ಟಿನಲ್ಲೇ ಈ ವ್ಯತ್ಯಾಸವಿದೆ. ಪಾಜ್‌ನ ಮೂಲ ಗ್ರೀಕ್ ಭಾಷೆಯ ‘ನಿಲ್ಲಿಸು’ ಎಂಬರ್ಥದ ಧಾತು. ಲ್ಯಾಟಿನ್ ಮತ್ತು ಫ್ರೆಂಚ್ ಮೂಲಕ ಅದು ಇಂಗ್ಲಿಷ್‌ಗೆ ಬಂತು. ಮೆನೋಪಾಜ್‌ನಲ್ಲಿ ಇರುವುದೂ ಇದೇ ಧಾತು. ಹೆಸಿಟೇಟ್ ಬಂದದ್ದು ಲ್ಯಾಟಿನ್ನಿನ ‘ಅಂಟಿಕೊಳ್ಳು, ಸಿಕ್ಕಿಕೊಳ್ಳು’ ಎಂಬರ್ಥದ ಧಾತುವಿನಿಂದ. ಅಂಟು ಎಂಬರ್ಥದ ಅಡ್ಹೀಸಿವ್ ಇದರ ಬಂಧು. ಹೆಸಿಟೇಟ್ ಮಾಡಿದವನ ಕಾಲು ನೆಲಕ್ಕೆ ಅಂಟಿಕೊಂಡಿದೆ ಎಂದು ಮಕ್ಕಳಿಗೆ ಹೇಳಿ, ಮರೆಯುವುದಿಲ್ಲ. ಉಚ್ಚಾರಣೆಯ ಬಗ್ಗೆಯೂ ಒಂದು ಮಾತು. ಪಾಜ್‌ನ ಕೊನೆಯಲ್ಲಿ ಇರುವುದು ‘ಸ್’ ಅಲ್ಲ, ಝೇಂಕರಿಸುವ ‘ಜ಼್’. ‘ಪಾಸ್’ ಎಂದು ಓದಿದರೆ ಪರೀಕ್ಷೆಯಲ್ಲಿ ಆಗುವ ಪಾಸ್ ಎಂದೇ ಕೇಳಿಸುತ್ತದೆ.

ಇದೇ ಸಂದರ್ಭದಲ್ಲಿ ‘ಸ್ಟಾಪ್’ ಎಂಬ ಸಾದಾ ಪದದ ಎರಡು ಮುಖಗಳನ್ನೂ ಹೇಳಿಬಿಡಿ. ‘ಹಿ ಸ್ಟಾಪ್ಡ್ ಟು ಸ್ಮೋಕ್’ ಅಂದರೆ ಬೀಡಿ ಸೇದಲೆಂದು ನಿಂತ. ‘ಹಿ ಸ್ಟಾಪ್ಡ್ ಸ್ಮೋಕಿಂಗ್’ ಅಂದರೆ ಬೀಡಿ ಬಿಟ್ಟ. ಮೊದಲನೆಯದು ಪಾಜ್‌ಗೆ ಹತ್ತಿರ, ಎರಡನೆಯದು ಪೂರ್ಣವಿರಾಮ. ಹೆಸಿಟೇಟ್‌ಗೆ ಈ ಎರಡನೆಯ ರೂಪ ಹೊಂದುವುದಿಲ್ಲ. ‘ಹೆಸಿಟೇಟೆಡ್ ಗೋಯಿಂಗ್’ ಎಂದು ಬರೆದರೆ ತಿದ್ದಬೇಕು. ಅದೇ ಪದ ನಾಮಪದವಾದಾಗ ‘ಟು’ಗಿಂತ ‘ಇನ್’ ಹೆಚ್ಚು ಒಪ್ಪುತ್ತದೆ. ಶಿಫಾರಸು ಪತ್ರಗಳಲ್ಲಿ ‘ಐ ಹ್ಯಾವ್ ನೋ ಹೆಸಿಟೇಷನ್ ಇನ್ ರೆಕಮೆಂಡಿಂಗ್ ಹಿಮ್’ ಎಂದು ಬರೆಯುವುದು ಈ ಕಾರಣಕ್ಕೆ. ಪಾಜ್‌ಗೂ ಒಂದು ಮಿತಿ ಇದೆ. ವೀಡಿಯೊ, ಹಾಡು, ಆಟ ಇವನ್ನು ನಾವು ಪಾಜ್ ಮಾಡಬಹುದು, ಆದರೆ ಮನುಷ್ಯನನ್ನು ಪಾಜ್ ಮಾಡಲು ಬರುವುದಿಲ್ಲ. ಒಂದು ಸಂಗತಿ ಒಬ್ಬರನ್ನು ತಡೆದು ಯೋಚಿಸುವಂತೆ ಮಾಡಿದರೆ ‘ಇಟ್ ಗೇವ್ ಮಿ ಪಾಜ್’ ಅನ್ನುತ್ತಾರೆ. ಈ ನುಡಿಗಟ್ಟಿನ ಪ್ರಯೋಗ ಶೇಕ್ಸ್‌ಪಿಯರನ ಹ್ಯಾಮ್ಲೆಟ್‌ನ ಪ್ರಸಿದ್ಧ ಸ್ವಗತದಲ್ಲೂ ಇದೆ, ಇಂದಿನ ಪತ್ರಿಕೆಗಳ ಸಂಪಾದಕೀಯಗಳಲ್ಲೂ ಕಾಣುತ್ತದೆ.

ಕನ್ನಡಿಗರು ಇಲ್ಲಿ ಎಡವುವುದಕ್ಕೆ ಕನ್ನಡದ್ದೇ ಆದ ಕಾರಣಗಳಿವೆ. ‘ಅವನು ಬರೋಕೆ ಅನುಮಾನಿಸಿದ’ ಅನ್ನುತ್ತೇವೆ. ನಮ್ಮ ‘ಅನುಮಾನಿಸು’ ಸಂಶಯವನ್ನೂ ಹಿಂಜರಿಕೆಯನ್ನೂ ಒಟ್ಟಿಗೆ ಹೊತ್ತ ಪದ. ಹಾಗಾಗಿ ಮಕ್ಕಳು ‘ಹಿ ಡೌಟೆಡ್ ಟು ಕಮ್’ ಎಂದು ಬರೆಯುತ್ತಾರೆ. ಇಂಗ್ಲಿಷ್‌ನಲ್ಲಿ ಡೌಟ್ ಎಂಬುದು ಒಂದು ಮಾತು ನಿಜವೋ ಅಲ್ಲವೋ ಎಂಬುದರ ಬಗ್ಗೆ, ಹೆಸಿಟೇಟ್ ಎಂಬುದು ಒಂದು ಕೆಲಸ ಮಾಡಬೇಕೋ ಬೇಡವೋ ಎಂಬುದರ ಬಗ್ಗೆ. ಇನ್ನೊಂದು ತೊಡಕು ‘ಸಂಕೋಚ’ದ್ದು. ನಾವು ಸಂಕೋಚಪಡುವುದು ಬಹಳಮಟ್ಟಿಗೆ ಎದುರಿಗಿರುವವರ ದೆಸೆಯಿಂದ: ಇನ್ನೊಂದು ಹೋಳಿಗೆ ಬೇಕು, ಕೇಳಲು ನಾಚಿಕೆ. ಹೆಸಿಟೇಟ್‌ಗೆ ನಾಚಿಕೆ ಇರಲೇಬೇಕೆಂದಿಲ್ಲ; ಭಯ, ಎಚ್ಚರಿಕೆ, ಗೊಂದಲ ಯಾವುದರಿಂದಲೂ ಹೆಸಿಟೇಟ್ ಮಾಡಬಹುದು. ಆದರೆ ಪತ್ರದ ಕೊನೆಯ ‘ಪ್ಲೀಸ್ ಡೋಂಟ್ ಹೆಸಿಟೇಟ್ ಟು ಕಾಲ್ ಮಿ’ ಎಂಬ ವಾಕ್ಯಕ್ಕೆ ‘ಸಂಕೋಚ ಮಾಡ್ಕೋಬೇಡಿ, ಫೋನ್ ಮಾಡಿ’ ಎಂಬುದಕ್ಕಿಂತ ಒಳ್ಳೆಯ ಕನ್ನಡ ಇಲ್ಲ.

ಹೆಸಿಟೇಷನ್‌ಗೆ ಹೆಸಿಟೆನ್ಸಿ ಎಂಬ ತಂಗಿಯಿದ್ದಾಳೆ. ಆ ಗಳಿಗೆಯ ಹಿಂಜರಿಕೆ ಹೆಸಿಟೇಷನ್; ಸ್ವಭಾವವಾಗಿ, ಮನಃಸ್ಥಿತಿಯಾಗಿ ಉಳಿದುಕೊಂಡದ್ದು ಹೆಸಿಟೆನ್ಸಿ. ಲಸಿಕೆ ಲಭ್ಯವಿದ್ದರೂ ಹಾಕಿಸಿಕೊಳ್ಳಲು ತಡಮಾಡುವ ಅಥವಾ ನಿರಾಕರಿಸುವ ಮನೋಭಾವಕ್ಕೆ ‘ವ್ಯಾಕ್ಸಿನ್ ಹೆಸಿಟೆನ್ಸಿ’ ಎಂದು ಹೆಸರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ಆರೋಗ್ಯಕ್ಕೆ ಎದುರಾಗಿರುವ ಹತ್ತು ಅಪಾಯಗಳ ಪಟ್ಟಿಯಲ್ಲಿ ಇದನ್ನು ಸೇರಿಸಿತು. ಮರುವರ್ಷವೇ ಕೊರೊನಾ ಬಂದು, ಈ ಪದ ನಮ್ಮ ಜಿಲ್ಲಾ ಆಸ್ಪತ್ರೆಗಳ ಸಭೆಗಳವರೆಗೂ ಬಂತು.

ಕೆಲಸ ಮುಗಿದ ಮೇಲೂ ಹೊರಡದೆ ನಿಲ್ಲುವುದಕ್ಕೆ ಪದ ‘ಲಿಂಗರ್’. ಹೊರಟೆವು ಎಂದು ಎದ್ದು ಚಪ್ಪಲಿ ಮೆಟ್ಟಿಕೊಂಡ ನೆಂಟರು ಗೇಟಿನ ಹತ್ತಿರ ಇನ್ನರ್ಧ ಗಂಟೆ ಮಾತಿಗೆ ನಿಲ್ಲುತ್ತಾರಲ್ಲ, ಅದು ಲಿಂಗರಿಂಗ್. ಒಗ್ಗರಣೆಯ ವಾಸನೆ, ನೋವು, ಅನುಮಾನ ಇವೂ ಲಿಂಗರ್ ಆಗುತ್ತವೆ. ಹೀಗೆ ಮುಂಚೆ ಹೆಸಿಟೇಟ್, ನಡುವೆ ಪಾಜ್, ಆಮೇಲೆ ಲಿಂಗರ್ ಎಂದು ‘ಎಲ್ಲಿ?’ ಎಂಬ ಪ್ರಶ್ನೆಗೆ ಮೂರು ಉತ್ತರ ಸಿಕ್ಕಂತಾಯಿತು.

ಇನ್ನು ‘ಏಕೆ?’ ಎಂಬುದು. ಹಾಲ್ಟ್ ಎಂಬುದು ಸೈನ್ಯದ ಮಾತು, ಜರ್ಮನ್ ಮೂಲದ್ದು. ಹೊರಗಿನ ಆಜ್ಞೆಯಿಂದಲೋ ಅಡ್ಡಿಯಿಂದಲೋ ಚಲನೆ ಪೂರ್ತಿ ನಿಂತಾಗ ಹಾಲ್ಟ್. ನಮ್ಮ ಹಳ್ಳಿಗಳಿಗೆ ಈ ಪದ ಬಸ್ಸಿನ ಜೊತೆಗೇ ಬಂದಿದೆ. ರಾತ್ರಿ ಊರಿನಲ್ಲೇ ತಂಗಿ ಬೆಳಗ್ಗೆ ಹೊರಡುವ ಬಸ್ಸು ‘ನೈಟ್ ಹಾಲ್ಟ್’. ಏಜೆಂಟರು ಟಿಕೆಟ್ ಕೊಡುವ ಪುಟ್ಟ ರೈಲು ನಿಲ್ದಾಣ ‘ಹಾಲ್ಟ್ ಸ್ಟೇಷನ್’. ಹಾಗೆಂದು ‘ಹಾಲ್ಟಿಂಗ್ ಇಂಗ್ಲಿಷ್’ ಎಂಬ ಪ್ರಯೋಗ ಕಂಡರೆ ಬಸ್ಸನ್ನು ನೆನೆಸಿಕೊಳ್ಳಬಾರದು. ಅದು ಬೇರೆಯೇ ಹಾಲ್ಟ್. ಹಳೆಯ ಇಂಗ್ಲಿಷ್‌ನಲ್ಲಿ ‘ಕುಂಟು’ ಎಂಬರ್ಥದ ಪದವೊಂದಿತ್ತು, ಅದರಿಂದ ಬಂದದ್ದು. ಹಾಲ್ಟಿಂಗ್ ಇಂಗ್ಲಿಷ್ ಅಂದರೆ ಕುಂಟುತ್ತಾ, ತಡವರಿಸುತ್ತಾ ಸಾಗುವ ಇಂಗ್ಲಿಷ್.

ಸ್ಟಾಲ್ ಎಂಬುದು ಮುಂದುವರಿಯಲು ಬೇಕಾದ ಬಲ ಕೈಕೊಟ್ಟಾಗಿನ ನಿಲುಗಡೆ. ಡ್ರೈವಿಂಗ್ ಕಲಿಯುವವರು ಕ್ಲಚ್ಚನ್ನು ಗಕ್ಕನೆ ಬಿಟ್ಟಾಗ ‘ಗಾಡಿ ಆಫ್ ಆಯ್ತು’ ಅನ್ನುತ್ತೇವಲ್ಲ, ಇಂಗ್ಲಿಷ್‌ನಲ್ಲಿ ಅದೇ ‘ದ ಕಾರ್ ಸ್ಟಾಲ್ಡ್’. ವಿಮಾನದ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಅಲ್ಲಿ ಸ್ಟಾಲ್ ಅಂದರೆ ಎಂಜಿನ್ ನಿಂತದ್ದಲ್ಲ. ಬೀಸುವ ಗಾಳಿಗೆ ರೆಕ್ಕೆಯ ಓರೆ ಮಿತಿಮೀರಿ, ವಿಮಾನವನ್ನು ಮೇಲೆತ್ತಿ ಹಿಡಿದ ಬಲ ಕುಸಿದುಬೀಳುವುದು. ಎಂಜಿನ್ ಚೆನ್ನಾಗಿ ಓಡುತ್ತಿದ್ದಾಗಲೂ ಇದು ಆಗಬಹುದು. ಮಾತುಕತೆ, ಮಸೂದೆ, ಕಾಮಗಾರಿ ಇವೂ ಸ್ಟಾಲ್ ಆಗುತ್ತವೆ. ಒಬ್ಬ ವ್ಯಕ್ತಿ ‘ಸ್ಟಾಲಿಂಗ್’ ಮಾಡುತ್ತಿದ್ದಾನೆ ಅಂದರೆ ಉತ್ತರ ಕೊಡಲು ಮನಸ್ಸಿಲ್ಲದೆ ಬೇಕೆಂದೇ ಕಾಲ ತಳ್ಳುತ್ತಿದ್ದಾನೆ ಎಂದರ್ಥ.

ಫಾಲ್ಟರ್‌ನಲ್ಲಿ ನಿಲ್ಲುವ ಇಚ್ಛೆ ಇರುವುದಿಲ್ಲ. ಹೆಜ್ಜೆಯೋ ದನಿಯೋ ತಾನಾಗಿ ತಡವರಿಸುತ್ತದೆ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಎರಡು ಮಾತು ಹೇಳಲು ಹೋದ ಅಪ್ಪನ ದನಿ ನಡುವೆಯೇ ಕಟ್ಟಿದರೆ ‘ಹಿಸ್ ವಾಯ್ಸ್ ಫಾಲ್ಟರ್ಡ್’. ಅಲ್ಲಿ ‘ಪಾಜ್ಡ್’ ಬರೆದರೆ ವ್ಯಾಕರಣ ಕೆಡುವುದಿಲ್ಲ, ಅಪ್ಪನ ಸಂಕಟ ಮಾತ್ರ ಇಲ್ಲವಾಗುತ್ತದೆ. ಈ ಒಂದು ಉದಾಹರಣೆಯನ್ನು ಮಕ್ಕಳಿಗೆ ನಿಧಾನವಾಗಿ ಬಿಡಿಸಿ ಹೇಳಿ. ಸರಿಯಾದ ಪದ ಆರಿಸುವುದು ಅಂಕಕ್ಕಾಗಿ ಅಷ್ಟೇ ಅಲ್ಲ, ಒಬ್ಬರ ಸ್ಥಿತಿಯನ್ನು ನಿಜವಾಗಿ ಕಾಣಿಸುವುದಕ್ಕಾಗಿ ಎಂಬುದು ಅವರಿಗೆ ಇಲ್ಲಿ ಅರ್ಥವಾಗುತ್ತದೆ.

ಎರಡು ದಾರಿಗಳ ನಡುವೆ ಮನಸ್ಸು ತೂಗಾಡುವುದನ್ನು ಹೇಳುವ ಪದಗಳು ಮೂರು. ದೀಪದ ಕುಡಿ ಗಾಳಿಗೆ ಓಲಾಡುವುದೂ ವೇವರ್, ಇದ್ದ ನಂಬಿಕೆ ಸಡಿಲವಾಗಿ ಅಲುಗುವುದೂ ವೇವರ್. ಒಮ್ಮೆ ಇದು, ಒಮ್ಮೆ ಅದು ಎಂದು ಆಯ್ಕೆಯನ್ನೇ ಬದಲಿಸುತ್ತಾ ಹೋಗುವುದು ವ್ಯಾಸಿಲೇಟ್. ನಮ್ಮ ‘ಡೋಲಾಯಮಾನ’ಕ್ಕೆ ಹತ್ತಿರದ್ದು. ಏನನ್ನೂ ತೀರ್ಮಾನಿಸದೆ ಮೀನಮೇಷ ಎಣಿಸುತ್ತಾ ಕೂರುವುದು ಡಿದರ್. ಬ್ರಿಟಿಷರು ಹೆಚ್ಚಾಗಿ ಬಳಸುವ ಮಾತಿದು, ಸ್ವಲ್ಪ ಬೈಗುಳದ ಧಾಟಿಯೂ ಇದರಲ್ಲಿದೆ. ಹಿರಿಯರ ಬಗ್ಗೆ, ಅರ್ಜಿಯಲ್ಲಿ, ಕಚೇರಿ ಪತ್ರದಲ್ಲಿ ಇದನ್ನು ಬಳಸಬಾರದು.

ಆಕ್ಷೇಪಣೆಯಿಂದ ನಿಲ್ಲುವುದನ್ನು ಹೇಳುವ ಪದಗಳೂ ಮೂರಿವೆ, ಮೂರರ ಹಿಂದೆಯೂ ಒಳ್ಳೆಯ ಚರಿತ್ರೆ ಇದೆ. ಬಾಕ್ ಎಂಬುದರ ಹಳೆಯ ಅರ್ಥ, ಉಳುವಾಗ ಉಳದೆ ಬಿಟ್ಟ ನೆಲದ ದಿಬ್ಬ. ನಮ್ಮ ರೈತರ ಬದುವಿನಂಥದ್ದು. ಅದರಿಂದ ‘ಅಡ್ಡಿ’ ಎಂಬ ಅರ್ಥ ಬಂತು, ಆಮೇಲೆ ಅಡ್ಡಿಯ ಮುಂದೆ ಗಕ್ಕನೆ ನಿಂತು ಮುಂದಡಿ ಇಡಲು ಒಪ್ಪದ ಕುದುರೆಗೆ, ಕೊನೆಗೆ ಮನುಷ್ಯರಿಗೆ ಅನ್ವಯವಾಯಿತು. ನಾವು ‘ಬೆಲೆ ಕೇಳಿ ಹಿಂದೇಟು ಹಾಕಿದರು’ ಅನ್ನುವ ಕಡೆ ಅವರು ‘ಬಾಕ್ಡ್ ಅಟ್ ದ ಪ್ರೈಸ್’ ಅನ್ನುತ್ತಾರೆ. ಡಿಮರ್ ಎಂದರೆ ನಯವಾಗಿ, ಮೆಲುದನಿಯಲ್ಲಿ ಆಕ್ಷೇಪಿಸುವುದು. ಇದರ ಲ್ಯಾಟಿನ್ ಮೂಲದ ಅರ್ಥ ‘ತಡ’. ಗೂಡ್ಸ್ ಶೆಡ್ಡಿನಲ್ಲಿ, ಬಂದರಿನಲ್ಲಿ ಸರಕನ್ನು ಹೊತ್ತಿಗೆ ಸರಿಯಾಗಿ ಇಳಿಸಿಕೊಳ್ಳದವರು ಕಟ್ಟುವ ‘ಡೆಮರೇಜ್’ ಇದೇ ಮೂಲದ್ದು. ಸಾಲದ ಕಂತನ್ನು ತಡವಾಗಿ ಕಟ್ಟಲು ಕೊಡುವ ‘ಮೊರಟೋರಿಯಂ’ ಕೂಡ ಅದೇ ಕುಟುಂಬ. 2020ರಲ್ಲಿ ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಾಗ ಆ ಪದ ಮನೆಮನೆಗೂ ಗೊತ್ತಾಯಿತು. ಮೂರನೆಯದು ಸ್ಕ್ರೂಪಲ್. ಲ್ಯಾಟಿನ್ನಿನಲ್ಲಿ ಅದು ಚೂಪಾದ ಸಣ್ಣ ಕಲ್ಲು. ಚುಚ್ಚುತ್ತಲೇ ಇರುವ ಆ ಕಲ್ಲಿನಿಂದ ಮನಸ್ಸಾಕ್ಷಿಯ ಚುಚ್ಚುವಿಕೆ ಎಂಬ ಅರ್ಥ ಬಂತು. ಇಪ್ಪತ್ತು ಗ್ರೇನಿನ ಒಂದು ಸಣ್ಣ ತೂಕಕ್ಕೂ ಹಳೆಯ ಔಷಧ ವ್ಯಾಪಾರಿಗಳು ಇದೇ ಹೆಸರಿಟ್ಟಿದ್ದರು. ಭಯದಿಂದ ನಿಂತವನು ಹೆಸಿಟೇಟ್ ಮಾಡಿದ. ತಪ್ಪು ಕೆಲಸ ಎಂದು ಮನಸ್ಸು ಚುಚ್ಚಿ ನಿಂತವನಿಗೆ ಸ್ಕ್ರೂಪಲ್ಸ್ ಇವೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ನಾನು ಅದನ್ನೇ ಹೆಚ್ಚು ಮುಖ್ಯ ಎಂದು ತಿಳಿಯುತ್ತೇನೆ. ಮಾತಿನ ನಡುವೆ ನಿಲ್ಲುವುದು ತಪ್ಪಲ್ಲ. ಇಂಗ್ಲಿಷ್ ತಾಯ್ನುಡಿಯಾದವರೂ ಸಾಕಷ್ಟು ನಿಲ್ಲುತ್ತಾರೆ. 1950, 60ರ ದಶಕಗಳಲ್ಲಿ ಲಂಡನ್ನಿನ ಮನೋವಿಜ್ಞಾನಿ ಫ್ರೀಡಾ ಗೋಲ್ಡ್‌ಮನ್-ಐಸ್ಲರ್ ಸಹಜ ಮಾತನ್ನು ಧ್ವನಿಮುದ್ರಿಸಿ ಅದರ ನಡುವಿನ ಮೌನಗಳನ್ನು ಅಳೆದರು. ಮುಂದೆ ಬರುವ ಪದ ಸುಲಭವಾಗಿ ಊಹೆಗೆ ಸಿಗುವಂಥದ್ದಲ್ಲದಿದ್ದರೆ, ಅದರ ಮುಂಚೆ ನಿಲುಗಡೆ ಬರುವ ಸಂಭವ ಹೆಚ್ಚು ಎಂಬುದು ಅವರು ಕಂಡುಕೊಂಡದ್ದು. ನಿಂತ ಕಡೆ ತಲೆ ಕೆಲಸ ಮಾಡುತ್ತಿರುತ್ತದೆ.

ಇಂಗ್ಲಿಷ್‌ನವರು ಅಂಥ ಕಡೆ ‘ಅಃ’, ‘ಅಮ್’ ಎಂಬಂಥ ದನಿ ಹೊರಡಿಸುತ್ತಾರೆ. 2002ರಲ್ಲಿ ಹರ್ಬರ್ಟ್ ಕ್ಲಾರ್ಕ್ ಮತ್ತು ಜೀನ್ ಫಾಕ್ಸ್ ಟ್ರೀ ಎಂಬ ಅಮೆರಿಕದ ಸಂಶೋಧಕರು, ಇವು ಬರೀ ಸದ್ದಲ್ಲ, ಇಂಗ್ಲಿಷ್‌ನ ಪದಗಳೇ ಎಂದು ವಾದಿಸಿದರು. ಸ್ವಲ್ಪ ತಡವಾಗುತ್ತದೆ ಎನ್ನಲು ಮೊದಲನೆಯದು, ಹೆಚ್ಚು ತಡವಾಗುತ್ತದೆ ಎನ್ನಲು ಎರಡನೆಯದು. ನಾವು ‘ಅದೂ...’, ‘ಏನಂದ್ರೆ...’ ಎಂದು ಎಳೆಯುವಾಗಲೂ ‘ತಾಳಿ, ನನ್ನ ಮಾತು ಮುಗಿದಿಲ್ಲ’ ಎಂದೇ ಹೇಳುತ್ತಿರುತ್ತೇವೆ. ಬ್ರಿಟಿಷ್ ಕಥೆಗಳಲ್ಲಿ ಇದೇ ದನಿಗಳನ್ನು ಇ-ಆರ್, ಇ-ಆರ್-ಎಂ ಎಂಬ ಅಕ್ಷರಗಳಲ್ಲಿ ಬರೆಯುತ್ತಾರೆ. ನಮ್ಮ ಮಕ್ಕಳು ಅದನ್ನು ‘ಎರ್’ ಎಂದು ಓದಿಬಿಡುತ್ತಾರೆ. ಅಲ್ಲಿನ ಶಿಷ್ಟ ಉಚ್ಚಾರಣೆಯಲ್ಲಿ ಅಂಥ ಕಡೆ ರಕಾರ ಕೇಳಿಸುವುದೇ ಇಲ್ಲ. ಬರವಣಿಗೆ ಬೇರೆಯಾದರೂ ಅಮೆರಿಕನ್ನರದೂ ಬ್ರಿಟಿಷರದೂ ದನಿ ಹೆಚ್ಚುಕಡಿಮೆ ಒಂದೇ.

ನಿಲುಗಡೆಯನ್ನು ಕಲೆಯಾಗಿಸಿದವರೂ ಇದ್ದಾರೆ. 2005ರಲ್ಲಿ ನೊಬೆಲ್ ಪಡೆದ ಹೆರಾಲ್ಡ್ ಪಿಂಟರ್ ತಮ್ಮ ನಾಟಕಗಳಲ್ಲಿ ಮೂರು ಚುಕ್ಕಿ, ‘ಪಾಜ್’, ‘ಸೈಲೆನ್ಸ್’ ಎಂದು ಬೇರೆಬೇರೆಯಾಗಿ ಬರೆದಿಡುತ್ತಿದ್ದರು. 1965ರಲ್ಲಿ ಅವರ ‘ದ ಹೋಮ್‌ಕಮಿಂಗ್’ ಆಡಿಸಿದ ನಿರ್ದೇಶಕ ಪೀಟರ್ ಹಾಲ್ ಈ ಮೂರನ್ನೂ ನಟರು ಬೇರೆಬೇರೆಯಾಗಿಯೇ ಪಾಲಿಸಬೇಕೆಂದು ಪಟ್ಟುಹಿಡಿಯುತ್ತಿದ್ದರು: ಚುಕ್ಕಿಗಳಿಗೆ ಚಿಕ್ಕ ತಡವರಿಕೆ, ಪಾಜ್‌ಗೆ ಅದಕ್ಕಿಂತ ದೊಡ್ಡ ನಿಲುಗಡೆ, ಸೈಲೆನ್ಸ್‌ಗೆ ಇನ್ನೂ ದೊಡ್ಡದು.

ಹಾಗಾದರೆ ನಮ್ಮ ಮಕ್ಕಳ ನಿಲುಗಡೆಯಲ್ಲಿ ತಿದ್ದುವಂಥದ್ದು ಏನೂ ಇಲ್ಲವೇ? ಇದೆ, ಆದರೆ ಅದು ನಿಲ್ಲುವ ಜಾಗದ್ದು. ರೂಢಿಯಿರುವವರು ಹೆಚ್ಚಾಗಿ ಒಂದು ಅರ್ಥಘಟಕ ಮುಗಿದ ಕಡೆ, ಉಪವಾಕ್ಯದ ಗಡಿಯಲ್ಲಿ ನಿಲ್ಲುತ್ತಾರೆ. ಕಲಿಯುವವರು ಉಪವಾಕ್ಯದ ಒಳಗೇ ಸಿಕ್ಕಿಕೊಳ್ಳುತ್ತಾರೆ. ಕನ್ನಡದ ಮಕ್ಕಳಿಗೆ ಇದರಲ್ಲಿ ಒಂದು ವಿಶೇಷ ಕಷ್ಟವಿದೆ. ‘ನಮ್ಮಕ್ಕ ನಿನ್ನೆ ಸಂತೆಯಿಂದ ಎರಡು ಸೀರೆ’ ಎಂಬಲ್ಲಿಯವರೆಗೆ ಬಂದರೂ ಕ್ರಿಯಾಪದವನ್ನು ನಾವಿನ್ನೂ ಹೇಳಿರುವುದಿಲ್ಲ. ತಂದಳೋ, ತರಿಸಿದಳೋ ಎಂದು ತೀರ್ಮಾನಿಸಲು ಪುರುಸೊತ್ತಿದೆ. ಇಂಗ್ಲಿಷ್‌ನಲ್ಲಿ ‘ಮೈ ಸಿಸ್ಟರ್’ ಎಂದ ಬೆನ್ನಿಗೇ ಕ್ರಿಯಾಪದ ಬೇಕು, ಅದರ ಕಾಲವೂ ಗೊತ್ತಿರಬೇಕು. ಮಗು ‘ಮೈ ಸಿಸ್ಟರ್...’ ಎಂದು ನಿಲ್ಲುವುದು ದಡ್ಡತನದಿಂದಲ್ಲ. ಕೊನೆಗೆ ಮಾಡುವ ತೀರ್ಮಾನವನ್ನು ಮೊದಲೇ ಮಾಡಬೇಕಾಗಿ ಬಂದದ್ದರಿಂದ. ಇದಕ್ಕೆ ಮದ್ದು, ಕರ್ತೃ ಮತ್ತು ಕ್ರಿಯಾಪದವನ್ನು ಒಟ್ಟಿಗೆ ಬಾಯಿಪಾಠ ಮಾಡಿಸುವುದು: ‘ಮೈ ಸಿಸ್ಟರ್ ಬಾಟ್’, ‘ಮೈ ಸಿಸ್ಟರ್ ವೆಂಟ್’, ‘ಮೈ ಸಿಸ್ಟರ್ ಸೆಡ್’. ಅಷ್ಟು ಹೇಳಿ ಬೇಕಾದರೆ ನಿಲ್ಲಲಿ. ಕ್ರಿಯಾಪದ ದಾಟಿದ ಮೇಲೆ ನಿಂತರೆ ಕೇಳುವವರಿಗೂ ಅದು ಪಾಜ್ ಎನಿಸುತ್ತದೆ, ತಡವರಿಕೆ ಎನಿಸುವುದಿಲ್ಲ.

ಕೊನೆಯದಾಗಿ, ನೀವು ಮಾಡಬಹುದಾದ ಒಂದು ಕೆಲಸ. ಮೇರಿ ಬಡ್ ರೋ ಎಂಬ ಅಮೆರಿಕದ ವಿಜ್ಞಾನ ಶಿಕ್ಷಣತಜ್ಞೆ ತರಗತಿಗಳ ಧ್ವನಿಮುದ್ರಿಕೆಗಳನ್ನು ಕೇಳಿ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಎಂದು ತೋರಿಸಿದರು. ಅಷ್ಟರೊಳಗೆ ಉತ್ತರ ಬರದಿದ್ದರೆ ತಾವೇ ಹೇಳುತ್ತಾರೆ, ಇಲ್ಲವೇ ಬೇರೆಯವರನ್ನು ಕೇಳುತ್ತಾರೆ. ಅದೇ ಮೂರು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾದ ತರಗತಿಗಳಲ್ಲಿ ಮಕ್ಕಳ ಉತ್ತರ ಉದ್ದವಾಯಿತು, ಉತ್ತರವೇ ಬಾರದ ಸಂದರ್ಭಗಳು ಕಡಿಮೆಯಾದವು, ತಾವಾಗಿ ಬಾಯಿಬಿಡುವ ಮಕ್ಕಳು ಹೆಚ್ಚಾದರು. ತಾಯ್ನುಡಿಯಲ್ಲೇ ಉತ್ತರ ಹೇಳುವ ಮಗುವಿಗೆ ಇಷ್ಟು ಸಮಯ ಬೇಕಾದರೆ, ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್‌ನಲ್ಲಿ ಹೇಳಬೇಕಾದ ನಿಮ್ಮ ವಿದ್ಯಾರ್ಥಿಗೆ ಇನ್ನೂ ಹೆಚ್ಚು ಬೇಕು. ಅವನು ವಾಕ್ಯದ ನಡುವೆ ನಿಂತಾಗ ಮುಂದಿನ ಪದವನ್ನು ನೀವು ತುಂಬಬೇಡಿ, ಪಕ್ಕದವರು ನಗದಂತೆ ನೋಡಿಕೊಳ್ಳಿ, ವಾಕ್ಯ ಮುಗಿಯುವವರೆಗೆ ತಿದ್ದಬೇಡಿ. ಮಾತಾಡುತ್ತಾ ನಿಲ್ಲುವ ಮಗು ಕಲಿಯುತ್ತಿದೆ. ಬೈಗುಳಕ್ಕೆ ಹೆದರಿ ಬಾಯಿ ತೆರೆಯುವುದಕ್ಕೇ ಹಿಂಜರಿಯುವ ಮಗುವಿಗೆ ಕಲಿಯುವ ಅವಕಾಶವೇ ತಪ್ಪಿಹೋಗುತ್ತದೆ. ಮೊದಲನೆಯದು ಎರಡನೆಯದಾಗದಂತೆ ಕಾಯುವುದು ನಿಮ್ಮ ಕೈಯಲ್ಲಿದೆ.